ಎತ್ತಿದ ಕೈ

ಕಿಡರ್‌ಮಿನ್‌ಸ್ಟರ್. ಕಾಲುವೆ ಪಕ್ಕದ ಸಾಲುಮನೆ.
ಭಾನುವಾರ, ಸಂಜೆ ನಾಲ್ಕೂವರೆ.
ಮೇಜಿಗೆ ಹಳೇ ಪೇಪರು ಹಾಸಿ
ಬೆರಿಲಮ್ಮ ತಮ್ಮ ಟರ್ನ್‌ಟೇಬಲ್ ಇಟ್ಟಿದ್ದಾರೆ.
ಎದುರಿಗೆ ನನ್ನ ಲ್ಯಾಪ್‌ಟಾಪು.
ನಡುವೆ ಬಿಸ್ಕತ್ತಿನ ತಟ್ಟೆ.
ಹೆಣ್ಣು ನೋಡಲು ಬಂದ ಮನೆಯವರ ಹಾಗೆ
ಎರಡೂ ಮಾತಿಲ್ಲದೆ ಕೂತಿವೆ.

ಕೆಂಪು ತುದಿ ಕೆಂಪಿಗೆ, ಬಿಳಿ ಬಿಳಿಗೆ.
ಅಷ್ಟೇ ಆಗಿದ್ದರೆ ಮಕ್ಕಳಾಟ.
ಸೂಜಿಯದು ಇರುವೆಯ ದನಿ,
ಕಂಪ್ಯೂಟರಿಗೆ ಕಿವಿ ಮಂದ.
ಅದಕ್ಕೇ ಈ ಪ್ರಿಆಂಪು, ಬೆಂಕಿಪೊಟ್ಟಣದಷ್ಟು,
ತಗ್ಗಿಸಿ ಕೊರೆದದ್ದನ್ನು ಎತ್ತಿ, ಎತ್ತಿ ಕೊರೆದದ್ದನ್ನು ತಗ್ಗಿಸಿ
ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸುವ ದುಭಾಷಿ.
ಹದಿನಾಲ್ಕು ಪೌಂಡು. ನಾನೇ ಕೊಟ್ಟೆ, ಹೇಳಿಲ್ಲ.

ಸ್ವಿಚ್ ಹಾಕಿದರೆ, ಗುಂಯ್.
ಹಾಡಿಲ್ಲ, ಬರೀ ಗುಂಯ್.
ಪರದೆಯಲ್ಲಿ ಹಸಿರು ಕಂಬ ಅಲ್ಲಾಡದೆ ನಿಂತಿದೆ.
ನಮ್ಮ ಧಾರವಾಡದ ಕಡೆ ಇದನ್ನು ತಂಬೂರಿ ಅಂದುಕೊಂಡು
ಕಣ್ಣು ಮುಚ್ಚಿ ಕೂತುಬಿಡುತ್ತಾರೆ, ಅಂದೆ.
ಇಲ್ಲಿ ಇದಕ್ಕೆ ಫ್ರಿಜ್ಜು ಅಂತೀವಿ ದಿಲ್ಶಾದ್, ಅಂದರು.

ನೆಲದ ತಂತಿ ಬುಡದಲ್ಲೇ ಕಡಿದಿತ್ತು,
ಇಲಿಯೋ, ಐವತ್ತು ವರ್ಷವೋ.
ಈ ತಿರುಪಿನಿಂದ ಆ ತಿರುಪಿಗೆ ಹೋಗಬೇಕಾದ ಒಂದೇ ಎಳೆ.
ಹುಡುಕುತ್ತ ಒಂದು ಬೆರಳು ಇದರ ಮೇಲೆ,
ಇನ್ನೊಂದು ಅದರ ಮೇಲೆ ಬಿತ್ತು.
ಗುಂಯ್ ನಿಂತಿತು.
ತೆಗೆದೆ, ಬಂತು.
ಇಟ್ಟೆ, ಹೋಯಿತು.
ಅಂಗಡಿಗಳೆಲ್ಲ ನಾಲ್ಕಕ್ಕೇ ಬಾಗಿಲು ಹಾಕಿವೆ.
ಸರಿ, ನಾನೇ ಹಿಡಿದು ಕೂರ್ತೀನಿ, ಅಂದರು ಬೆರಿಲಮ್ಮ.
ಎಂಬತ್ತೊಂದು ವರ್ಷದ ತಂತಿ.

ಪ್ಲೇಟು ಕಾರ್ಪೆಟ್ ಮಿಲ್ಲಿನ ಬ್ಯಾಂಡಿನದು.
ಇನ್ನೂರು ಪ್ರತಿ ಮಾಡಿಸಿದ್ದರಂತೆ,
ಮುಕ್ಕಾಲು ಪಾಲು ಯಾರದೋ ಗ್ಯಾರೇಜಿನಲ್ಲಿ ನೀರು ಕುಡಿದವು.
ಆಗ ಹೆಂಗಸರಿಗೆ ಊದುವುದನ್ನು ಕೊಡುತ್ತಿರಲಿಲ್ಲ.
ಬೆರಿಲಮ್ಮನ ಪಾಲಿಗೆ ಟ್ರಯಾಂಗಲ್ಲು.
ಇಡೀ ಪ್ಲೇಟಿಗೆ ಮೂರೇ ಏಟು,
ಮೂರೂ ಎರಡನೇ ಬದಿಯಲ್ಲಿ.
ಹಗಲೆಲ್ಲ ನೂಲಿನ ಎಳೆ ಎಣಿಸಿ
ರಾತ್ರಿ ಬಂದು ತಾಳ ಎಣಿಸುವುದು.
ನವಲಗುಂದದಲ್ಲಿ ನಮ್ಮವ್ವ ಜಮಖಾನೆಗೆ ಕೂತಾಗಲೂ ಹೀಗೇ,
ಎಣಿಸುವಾಗ ಮಾತಾಡಿಸಿದರೆ
ಕೈಗೆ ಸಿಕ್ಕಿದ್ದರಲ್ಲಿ ಬೀಸುತ್ತಿದ್ದಳು.
ಅದಕ್ಕೇ ನಾನು ಬಾಯಿ ಬಿಡಲಿಲ್ಲ.

ಮೊದಲ ಸಲ ಸೂಜಿ ಎಗರಿತು,
ಸರಿಯಾಗಿ ಎರಡನೇ ಏಟಿಗೆ ಮುಂಚೆ.
ಅಲ್ಲೊಂದು ಗೀರು. ಬೆರಿಲಮ್ಮ ಅಂದದ್ದನ್ನು ಬರೆಯುವಂತಿಲ್ಲ.
ಸೂಜಿಯ ನೆತ್ತಿಗೆ ಎರಡು ಪೆನ್ಸ್ ನಾಣ್ಯ ಅಂಟಿಸಿದೆ.
ಮತ್ತೆ ಮೊದಲಿನಿಂದ.
ಎರಡು ಕೈ, ಎರಡು ತಿರುಪು,
ತುಟಿ ಮಾತ್ರ ಎಣಿಸುತ್ತಿದೆ.
ಕಾರ್ನೆಟ್ಟುಗಳು ಬಂದವು, ಹೋದವು.
ಯಾರೋ ಕೆಮ್ಮಿದರು, ಅರವತ್ತೆಂಟರಲ್ಲಿ.
ಒಂದು. ಗದ್ದ ಅಲ್ಲಾಡಿತು.
ಎರಡು. ಗೀರು ದಾಟಿತು, ಭುಜ ಅಲ್ಲಾಡಿತು.
ಆಮೇಲೆ ಎಷ್ಟೋ ಹೊತ್ತು
ತಮಟೆ, ತುತ್ತೂರಿ, ದೊಡ್ಡ ಗದ್ದಲ,
ಗದ್ದಲವೆಲ್ಲ ಒಮ್ಮೆಲೇ ಉಸಿರು ಹಿಡಿದು

ಬಲಗೈ ತಿರುಪು ಬಿಟ್ಟು
ತಾನಾಗಿ ಮೇಲೆದ್ದು
ಗಾಳಿಗೆ ಹೊಡೆಯಿತು.

ಟಿಣ್.
ಜೊತೆಗೇ ಗುಂಯ್.

ಪ್ಲೇಟು ಮುಗಿದು ಸೂಜಿ ಒಳಸುತ್ತಿನಲ್ಲಿ
ಟಕ್, ಟಕ್ ಅನ್ನುತ್ತಿತ್ತು.
ಕೈ ಇನ್ನೂ ಕೆಳಗಿಳಿದಿರಲಿಲ್ಲ.
ನಾಳೆ ತಂತಿ ತರ್ತೀನಿ, ಇನ್ನೊಮ್ಮೆ ಮಾಡೋಣ, ಅಂದೆ.
ಅವರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.
ಇದರಲ್ಲಿ ನಾನು ಯಾವುದು?
ಸಣ್ಣ ಮುಳ್ಳೊಂದನ್ನು ತೋರಿಸಿದೆ.
ಅದರ ಸುತ್ತ ದಪ್ಪಗಿದೆಯಲ್ಲ, ಅದು?
ಅದೂ ನೀವೇ.

ಏನೆಂದು ಉಳಿಸಲಿ, ಕೇಳಿತು ಕಂಪ್ಯೂಟರು.
ಕನ್ನಡದಲ್ಲಿ ಒತ್ತಿದೆ: ಎತ್ತಿದ ಕೈ.
ಏನದು, ಅಂದರು.
ಬ್ಯಾಂಡಿನಲ್ಲಿ ನಿಮ್ಮ ಹುದ್ದೆ, ಅಂದೆ.

ಮೊದಲ ಬದಿ ಇನ್ನೂ ಬಾಕಿ ಇತ್ತು.
ಬಿಡೇ, ಅದರಲ್ಲಿ ನಾನಿಲ್ಲ,
ಎಂದು ಚಹಾ ಇಡಲು ಎದ್ದರು.